ಅತ್ತಮ್ಮನ ಹೆಸರಿನ ರಿಪೋರ್ಟು

ನನಗೆ ಕ್ಷಯ ಬಂದಿತ್ತು ಎಂದು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಒಬ್ಬಿಬ್ಬರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟು. ಹೋಗಲಿ. ಹೇಳಲೇಬೇಕಾಗಿದ್ದ ದಿನಗಳಲ್ಲಿ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಈಗ ಬೇಡವೆಂದರೂ ಹೇಳುತ್ತೇನೆ. ಕಾಯಿಲೆ ವಾಸಿಯಾಗಿ ವರ್ಷವಾಗುತ್ತ ಬಂತು. ಮೈ ತುಂಬಿಕೊಂಡಿದೆ, ಉಂಡದ್ದು ರುಚಿಸುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಆದರೂ ಇದು ಗೆದ್ದವಳ ಕಥೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಿಂದೂಪುರದಲ್ಲಿ ನಮ್ಮದು ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿಯ ಮಂಡಿ. ಮನೆ ಮಂಡಿಯ ಬೆನ್ನಿಗೇ ಇದೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಮೂಟೆ ಇಳಿಸಿದರೆ ಘಾಟು ನೇರ ನಮ್ಮ ಅಡುಗೆಮನೆಗೆ ಬರುತ್ತದೆ. ಹಮಾಲಿಗಳು ಕೆಮ್ಮುತ್ತಾರೆ, ರೈತರು ಕೆಮ್ಮುತ್ತಾರೆ, ನಮ್ಮವರು ಫೋನಿನಲ್ಲಿ ರೇಟು ಹೇಳುತ್ತಲೇ ಕೆಮ್ಮುತ್ತಾರೆ. ಹಾಗಾಗಿ ಯುಗಾದಿ ಕಳೆದ ಮೇಲೆ ನನಗೆ ಶುರುವಾದ ಕೆಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ. ಸುಗ್ಗಿ ಮುಗಿಯಿತು, ಮಂಡಿ ಖಾಲಿಯಾಯಿತು, ಎಲ್ಲರ ಕೆಮ್ಮೂ ನಿಂತಿತು. ನನ್ನದು ಮಾತ್ರ ಉಳಿಯಿತು.

ಮೊದಲು ಕಂಡುಹಿಡಿದವರು ಅತ್ತಮ್ಮ. ನಮ್ಮವರ ತಾಯಿ. ಹೆಸರು ಶಿವಮ್ಮ, ವಯಸ್ಸು ಎಪ್ಪತ್ತರ ಮೇಲೆ. ಮದುವೆಯಾಗಿ ಬಂದ ಮೊದಲ ದಿನದಿಂದ ನಾನು ಕರೆದದ್ದು ಅತ್ತಮ್ಮ ಎಂದೇ. ಒಂದು ಸಂಜೆ ಮುದ್ದೆ ತಿರುವುತ್ತಿದ್ದ ಹಿಟ್ಟಿನ ಕೋಲು ಕೆಳಗಿಟ್ಟು ನನ್ನ ಕುತ್ತಿಗೆ ಮುಟ್ಟಿ ನೋಡಿದರು.

“ಏನೇ ವನಜ, ಸಾಯಂಕಾಲ ಆದ್ರೆ ನಿನ್ ಮೈ ಕಾಯ್ತದಲ್ಲೇ. ರವಿಕೆ ನೋಡು, ತೋಳಾಗೆ ಜೋತಾಡ್ತೈತೆ. ಡಾಕ್ಟ್ರತ್ರ ಹೋಗ್ಬಾರ್ದಾ?”

“ಘಾಟು ಅತ್ತಮ್ಮ, ಬೇರೇನಿಲ್ಲ.”

“ಘಾಟು ನಂಗಿಲ್ವಾ? ನಾನು ಈ ಮನೇಗೆ ಬಂದು ಐವತ್ತು ವರ್ಷ ಆಯ್ತು ಕಣಮ್ಮ.”

ಹೋದೆ. ಬೀದಿಯ ಡಾಕ್ಟರು ಅಲರ್ಜಿಯ ಮಾತ್ರೆ ಕೊಟ್ಟರು, ಎಳೆದುಕೊಳ್ಳುವ ಔಷಧಿ ಕೊಟ್ಟರು. ಎರಡು ಸಲ ಬದಲಿಸಿದರು. ಮೂರನೆಯ ಸಲ ಹೋದಾಗ, ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಾ ಎಂದರು. ನ್ಯಾಯವಾಗಿ ಹೇಳಿದರು. ಆ ಮನುಷ್ಯನ ಮೇಲೆ ನನಗೆ ಯಾವ ದೂರೂ ಇಲ್ಲ.

ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡುವ ಕಿಟಕಿ ಬೇರೆ ಇದೆ. ಅಲ್ಲಿ ನಿಂತವರು ಯಾವ ಕಾಯಿಲೆಗೆ ನಿಂತಿದ್ದಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಂಡಿಯಲ್ಲಿ ಹುಣಸೆಹಣ್ಣು ಬಿಡಿಸುವ ಹೆಂಗಸರು ಅಲ್ಲಿಗೇ ಹೋಗುತ್ತಾರೆ. ಯಜಮಾನರ ಹೆಂಡತಿ ಕಫದ ಡಬ್ಬಿ ಹಿಡಿದು ನಿಂತಿದ್ದಳು ಎಂದು ಮಾರನೆಯ ದಿನ ಪೇಟೆಯೆಲ್ಲ ಆಡಿಕೊಳ್ಳುತ್ತದೆ ಎಂಬುದು ನನ್ನ ಹೆದರಿಕೆ. ಅದೂ ಅಲ್ಲದೆ ನನ್ನದು ಒಣಕೆಮ್ಮು. ಕಫವೇ ಬಾರದು, ಏನೆಂದು ಕೊಡಲಿ ಎಂದು ನೆಪ ಹೇಳಿದೆ.

ಆಗ ನಮ್ಮವರಿಗೆ ಪರಿಚಯದ ಲ್ಯಾಬಿನವರೊಬ್ಬರು, ರಕ್ತದಲ್ಲೇ ಟಿಬಿ ನೋಡುವ ದೊಡ್ಡ ಪರೀಕ್ಷೆ ಇದೆ, ಮನೆಗೇ ಬಂದು ರಕ್ತ ತೆಗೆಯುತ್ತೇವೆ, ಬೆಂಗಳೂರಿಗೆ ಕಳಿಸಿ ರಿಪೋರ್ಟು ತರಿಸುತ್ತೇವೆ ಎಂದರು. ಕೇಳಿದ ಕೂಡಲೇ ನನಗೆ ಎಷ್ಟು ಹಗುರವಾಯಿತೆಂದರೆ, ಅರ್ಧ ಕಾಯಿಲೆ ಅಲ್ಲೇ ವಾಸಿಯಾದಂತಾಯಿತು. ಕಿಟಕಿ ಇಲ್ಲ, ಡಬ್ಬಿ ಇಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. “ಮಾಡಿಸೋದು ಮಾಡುಸ್ತೀವಿ, ಮನೇವ್ರಿಗೆಲ್ಲ ಮಾಡಿಸ್ಬುಡಾನ” ಎಂದರು ನಮ್ಮವರು. ಹಾಗೆ ಆಷಾಢದ ಒಂದು ಬೆಳಿಗ್ಗೆ ನಾಲ್ಕು ಜನವೂ ನಡುಮನೆಯಲ್ಲಿ ಸಾಲಾಗಿ ಕೂತೆವು. ನಾನು, ನಮ್ಮವರು, ಐದನೇ ಕ್ಲಾಸಿನ ಮಗಳು ಚೈತ್ರ, ಅತ್ತಮ್ಮ.

ಲ್ಯಾಬಿನ ಹುಡುಗಿ ಒಬ್ಬೊಬ್ಬರ ರಕ್ತವನ್ನೂ ನಾಲ್ಕು ನಾಲ್ಕು ಪುಟ್ಟ ಕೊಳವೆಗೆ ತುಂಬಿದಳು. ಬೇರೆ ಬೇರೆ ಬಣ್ಣದ ಮುಚ್ಚಳ. ತುಂಬಿದ ಮೇಲೆ ಒಂದೊಂದನ್ನೂ ಎಣಿಸಿ ಹತ್ತು ಸಲ ಅಲ್ಲಾಡಿಸಿದಳು. ಅತ್ತಮ್ಮ ತಮಾಷೆ ಮಾಡಿದರು. “ಮಜ್ಜಿಗೆ ಕಡೀತೀಯೇನಮ್ಮ? ಬೆಣ್ಣೆ ಬಂದ್ರೆ ನಂಗೊಂಚೂರು ಕೊಡು.” ಹುಡುಗಿ ನಕ್ಕಳು, ಚೈತ್ರ ನಕ್ಕಳು. ನಮ್ಮ ಮನೆಯಲ್ಲಿ ನಾಲ್ವರೂ ಒಟ್ಟಿಗೆ ನಕ್ಕ ಕೊನೆಯ ಬೆಳಿಗ್ಗೆ ಅದು ಎಂದು ಈಗ ಅನ್ನಿಸುತ್ತದೆ.

ರಿಪೋರ್ಟು ಫೋನಿಗೇ ಬಂತು. ನಾನು ಬಿ.ಕಾಂ. ಓದಿದವಳು. ಮನೆಯಲ್ಲಿ ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವ ಕೆಲಸ ನನ್ನದು, ಅದರ ಜಂಬವೂ ಸ್ವಲ್ಪ ಇತ್ತು. ಒಂದೊಂದೇ ತೆರೆದು ಗಟ್ಟಿಯಾಗಿ ಓದಿದೆ. ನಮ್ಮವರದು ನೆಗೆಟಿವ್. ಚೈತ್ರಳದು ನೆಗೆಟಿವ್. ನನ್ನದು ನೆಗೆಟಿವ್. ನಾನು ಉಸಿರು ಬಿಟ್ಟೆ. ಕೊನೆಗೆ ತೆರೆದದ್ದು ಅತ್ತಮ್ಮನದು. ದಪ್ಪಕ್ಷರದಲ್ಲಿ ಪಾಸಿಟಿವ್ ಎಂದಿತ್ತು.

ಪ್ರತಿ ಹಾಳೆಯ ಕೆಳಗೂ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಬರೆದಿತ್ತು. ಅದನ್ನು ನಾನು ಓದಲಿಲ್ಲ. ಎಷ್ಟೋ ತಿಂಗಳ ಮೇಲೆ ಓದಿದೆ. ಈ ಪರೀಕ್ಷೆಯೊಂದರಿಂದಲೇ ಕಾಯಿಲೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ತೀರ್ಮಾನಿಸಬಾರದು, ವೈದ್ಯರು ನೋಡಿಯೇ ಹೇಳಬೇಕು ಎಂದು ಅಲ್ಲಿ ಸ್ಪಷ್ಟವಾಗಿತ್ತು. ರಿಪೋರ್ಟನ್ನು ಡಾಕ್ಟರಿಗೆ ತೋರಿಸುವುದು ಬೇಕೆಂದೇ ನಮಗೆ ಹೊಳೆಯಲಿಲ್ಲ. ಮಂಡಿಗೆ ರೇಟಿನ ಮೆಸೇಜು ಬಂದರೆ ಓದಿ ಹೇಳಿದ ಹಾಗೆ ಓದಿ ಹೇಳಿದೆ, ಎಲ್ಲರೂ ನಂಬಿದರು.

ಅತ್ತಮ್ಮ, “ನಂಗೆ ಒಂದು ದಿನಾನೂ ಕೆಮ್ಮು ಬಂದಿಲ್ವಲ್ಲಮ್ಮ” ಎಂದರು. ಆಮೇಲೆ ತಾವೇ ಕಾರಣ ಹುಡುಕಿಕೊಂಡರು. ನಮ್ಮ ಮಾವನವರು ತೀರಿಕೊಂಡದ್ದು ಇದೇ ಕಾಯಿಲೆಯಲ್ಲಿ, ನಾನು ಈ ಮನೆಗೆ ಬರುವ ಮುಂಚೆ. ಒಂದು ವರ್ಷ ಅವರ ಪಕ್ಕ ಕೂತು ಆರೈಕೆ ಮಾಡಿದವರು ಅತ್ತಮ್ಮ. “ನಿಮ್ ಮಾವಂದು ನನ್ನೊಳಗೆ ಉಳ್ಕಂಡೈತೆ ಬಿಡು” ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ ಎಂದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ನಮ್ಮ ಮನೆಯಲ್ಲಿ ಅಂದು ಒಂದು ಹೊಸ ಕಾಯಿಲೆಗೆ ಹೆಸರಿಟ್ಟೆವು. ರಕ್ತದ ಟಿಬಿ. ಅಂಥದ್ದೊಂದು ಇಲ್ಲವೇ ಇಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ, ಬರೀ ಕಾಗದದಲ್ಲಿ ಇರುವ ಕಾಯಿಲೆಗೆ ನಾವು ಮಾಡಿಕೊಂಡ ಹೆಸರು ಅದು. ನನ್ನ ಕೆಮ್ಮಿಗೂ ವಿವರಣೆ ಸಿಕ್ಕಿಬಿಟ್ಟಿತು. ಅತ್ತಮ್ಮನ ಗಾಳಿ ಸೋಕಿ ನನಗೆ ನಿಶ್ಶಕ್ತಿ, ಅವರು ದೂರವಾದರೆ ಸರಿಹೋಗುತ್ತದೆ ಎಂದುಕೊಂಡೆವು.

ಇಲ್ಲಿಂದ ಮುಂದೆ ಬರೆಯಲು ನನಗೆ ನಾಚಿಕೆಯಾಗುತ್ತದೆ.

ನಮ್ಮ ಕಡೆ ಸ್ಟೀಲ್ ಪಾತ್ರೆಗೆಲ್ಲ ಹೆಸರು ಕೊರೆಸುವ ಪದ್ಧತಿ. ಅಟ್ಟದ ಮೇಲಿನ ಪಾತ್ರೆಗಳಲ್ಲಿ ಶಿವಮ್ಮ ಎಂದು ಕೊರೆಸಿದ ತಟ್ಟೆ, ಲೋಟ, ಚೊಂಬು ಹುಡುಕಿ ತೆಗೆದವಳು ನಾನೇ. ಅವರ ಹೆಸರಿನವು ಅವರಿಗೆ ಎಂದೆ. ಅವರ ಹಾಸಿಗೆಯನ್ನು ಹಿತ್ತಲ ಕಡೆ ಖಾಲಿ ಗೋಣಿ ಇಡುವ ಕೋಣೆಗೆ ಹಾಕಿಸಿದೆ. ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದವರು ಅವರು. ಅವರ ಹಾಗೆ ನುಣ್ಣಗೆ, ಬಿರುಕಿಲ್ಲದೆ ಕಟ್ಟಲು ನನಗೆ ಈಗಲೂ ಬರುವುದಿಲ್ಲ. ಮಾರನೆಯ ದಿನ ಅವರು ಎಂದಿನಂತೆ ಕೈ ಒದ್ದೆ ಮಾಡಿಕೊಂಡು ಒಲೆಯ ಹತ್ತಿರ ಬಂದಾಗ, “ನೀವು ಕೂತ್ಕೊಳಿ ಅತ್ತಮ್ಮ, ನಾನು ಕಟ್ತೀನಿ” ಎಂದೆ. ಅವರಿಗೆ ಅರ್ಥವಾಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದಕ್ಕೆ ಹೋದರು. ಆಮೇಲೆ ಅಡುಗೆಮನೆಯ ಹೊಸಿಲು ದಾಟಲಿಲ್ಲ.

ಚೈತ್ರ ಒಬ್ಬಳೇ ಜಗಳವಾಡಿದಳು. “ಕೆಮ್ಮೋಳು ನೀನು. ಅಜ್ಜೀನ್ಯಾಕೆ ಆಚೆ ಹಾಕ್ತೀಯ?” ಎಂದು ಕೇಳಿದಳು. ಹತ್ತು ವರ್ಷದ ಮಗುವಿಗೆ ಕಂಡದ್ದು ಬಿ.ಕಾಂ. ಓದಿದವಳಿಗೆ ಕಾಣಲಿಲ್ಲ. ದೊಡ್ಡವರ ಮಾತಿಗೆ ಬರಬೇಡ ಎಂದು ಗದರಿದೆ.

ಶ್ರಾವಣ ಬರುವ ಹೊತ್ತಿಗೆ ನನ್ನ ಕೆಮ್ಮು ಇನ್ನೂ ಹೆಚ್ಚಿತು. ಮಗು ಇರುವ ಮನೆ, ಅತ್ತಮ್ಮ ಸ್ವಲ್ಪ ದಿನ ಬೇರೆ ಕಡೆ ಇದ್ದರೆ ಒಳ್ಳೆಯದು ಎಂದು ನಮ್ಮವರಿಗೆ ಹೇಳಿದೆ. ಅವರು ಹೇಳಲಿಲ್ಲ, ನಾನು ಹೇಳಿದೆ. ಅತ್ತಮ್ಮನ ಮಗಳು ರತ್ನಕ್ಕ ಇರುವುದು ಕಲ್ಯಾಣದುರ್ಗದಲ್ಲಿ. ನಮ್ಮವರಿಗೆ ಅಕ್ಕ, ನೇರ ಮಾತಿನ ಹೆಂಗಸು. ಫೋನಿನಲ್ಲಿ ವಿಷಯ ಕೇಳಿ, “ನಿಮಗ್ ಭಯ ಆದ್ರೆ ಇಲ್ಲಿಗ್ ಕಳ್ಸಿ. ನಮ್ಮವ್ವ ನಂಗೆ ಭಾರ ಇಲ್ಲ” ಎಂದು ಪಟ್ಟನೆ ಫೋನಿಟ್ಟಳು.

ಕಾರು ಹತ್ತುವಾಗ ಅತ್ತಮ್ಮ ನನ್ನ ತಲೆ ಸವರಲು ಕೈಯೆತ್ತಿ, ಏನೋ ನೆನಪಾಗಿ ಕೈ ಇಳಿಸಿದರು. “ಹೋಯ್ತೀನಿ ಕಣಮ್ಮ. ನೀನ್ ಸರ್ಯಾಗಿ ಉಣ್ಣು. ಮೈ ಬಂದ್ಮೇಲೆ ಕರ್ಸ್ಕಳೀವಂತೆ” ಎಂದರು. ನನ್ನ ಮೈಯ ಬಗ್ಗೆ ಅವರಿಗೆ ಚಿಂತೆ, ನನಗೆ ಅವರು ಹೋದರೆ ಸಾಕು. ಹೌದು, ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಅದೇ.

ಕಲ್ಯಾಣದುರ್ಗದಲ್ಲಿ ಅವರನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎದೆಯ ಎಕ್ಸ್‌ರೇ ತೆಗೆಸಿದರಂತೆ. ಎದೆ ಚೆನ್ನಾಗಿದೆ ಎಂದರಂತೆ. ರತ್ನಕ್ಕ ಅದನ್ನು ಹೇಳಲು ಫೋನ್ ಮಾಡಿದಾಗ ನಾನು ಕೊಟ್ಟ ಉತ್ತರ ಕೇಳಿ. “ರಕ್ತದಲ್ಲಿ ಇರೋದು ಎದೇಲಿ ಹೆಂಗ್ ಕಾಣ್ತದಕ್ಕ?” ಅವಳಿಗೂ ಹೌದೆನ್ನಿಸಿತು. ಗಣೇಶನ ಹಬ್ಬದ ಹೊತ್ತಿಗೆ ಬೆಳುಗುಪ್ಪಕ್ಕೆ ಕೊಟ್ಟಿದ್ದ ಅವಳ ಮಗಳು ಹೆರಿಗೆಯಾಗಿ, ಬಾಣಂತನಕ್ಕೆ ತವರಿಗೆ ಬಂದಳು. ರತ್ನಕ್ಕನಿಗೆ ಬಿಡುವಿಲ್ಲದಂತಾಯಿತು, ಫೋನು ಕಡಿಮೆಯಾಯಿತು.

ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಕೆಮ್ಮು ಒತ್ತರಿಸಿ ಬಂತು. ಉಗಿದರೆ ಸಿಂಕಿನ ಬಿಳಿ ಕಲ್ಲಿನ ಮೇಲೆ ರಕ್ತ. ಅಲ್ಲಿಂದಲೇ ನಮ್ಮವರನ್ನು ಕೂಗಿದೆ. ಆಮೇಲೆ ಯಾವ ಕಿಟಕಿಯ ನಾಚಿಕೆಯೂ ಉಳಿಯಲಿಲ್ಲ.

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವಳು ಚಿಲಮತ್ತೂರಿನ ಕಡೆಯ ಹೆಂಗಸು. ಹೈವೇ ಬದಿ ಸೀಬೆಹಣ್ಣು ಮಾರುತ್ತಾಳಂತೆ. ನಾನು ಡಬ್ಬಿ ಹಿಡಿದು ಅತ್ತಿತ್ತ ನೋಡುವುದನ್ನು ಕಂಡು ಮುಚ್ಚಳ ಅವಳೇ ತಿರುಗಿಸಿ ಕೊಟ್ಟಳು. “ಮೊದ್ಲು ಬಾಯಿ ಮುಕ್ಕಳ್ಸಿ, ಆಮೇಕೆ ಉದ್ದುಕ್ಕೆ ಉಸ್ರು ಎಳ್ಕಂಡು ಆಳದಿಂದ ಕೆಮ್ಮಕ್ಕ. ಎಂಜ್ಲು ಬೇಡ, ಒಳಗಿಂದು ಬೇಕು. ನಂದು ಮಾತ್ರೆ ಶುರುವಾಗಿ ನಾಕನೇ ತಿಂಗ್ಳು, ನೋಡು, ಚೆನ್ನಾಗಿಲ್ವಾ ನಾನು?” ಎಂದಳು. ಚೆನ್ನಾಗಿದ್ದಳು. ಆ ಕಿಟಕಿಗೆ ಹೆದರಿ ನಾನು ತಿಂಗಳುಗಟ್ಟಲೆ ಕಳೆದಿದ್ದೆ. ಅಲ್ಲಿ ನನಗೆ ಸಿಕ್ಕಿದ್ದು ಇವಳು.

ಮಾರನೆಯ ದಿನ ಡಾಕ್ಟರು ಕರೆದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತೆಲುಗಿನಲ್ಲಿ ಮಾತಾಡುತ್ತಿದ್ದರು. ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿದೆ, ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗ ಹಾಳಾಗಿದೆ ಎಂದರು. ನಾನು ಒಪ್ಪಲಿಲ್ಲ. ಫೋನು ತೆಗೆದು ನೆಗೆಟಿವ್ ರಿಪೋರ್ಟು ತೋರಿಸಿದೆ. ಕಾಯಿಲೆ ನಮ್ಮ ಅತ್ತೆಗೆ, ನನಗಲ್ಲ ಎಂದು ವಾದ ಮಾಡಿದೆ. ಅವರು ಕೇಳಿದ್ದಕ್ಕೆ ಮಾವನವರ ಕಾಯಿಲೆಯನ್ನೂ, ಅತ್ತಮ್ಮನ ಎದೆಯ ಚಿತ್ರ ಚೆನ್ನಾಗಿ ಬಂದದ್ದನ್ನೂ ಹೇಳಿದೆ.

ಅವರು ರಿಪೋರ್ಟನ್ನು ಕೊನೆಯವರೆಗೂ ಓದಿದರು. “ರಕ್ತಂಲೋ ಪುರುಗು ಕನಪಡದಮ್ಮಾ” ಎಂದರು. ಈ ಪರೀಕ್ಷೆಯಲ್ಲಿ ಕ್ರಿಮಿ ಕಾಣುವುದಿಲ್ಲ. ರಕ್ತದಲ್ಲಿ ಮೈ ಕಾಯುವ ಕಣಗಳಿರುತ್ತವೆ. ಅವು ಎಂದಾದರೂ ಈ ಕ್ರಿಮಿಯನ್ನು ಎದುರಿಸಿದ್ದರೆ ನೆನಪಿಟ್ಟುಕೊಂಡಿರುತ್ತವೆ. ಪರೀಕ್ಷೆ ಆ ನೆನಪನ್ನು ಮಾತ್ರ ಕೇಳುತ್ತದೆ. ಕ್ರಿಮಿ ಈಗ ಮಲಗಿದೆಯೋ ಎದ್ದು ತಿನ್ನುತ್ತಿದೆಯೋ ಅದು ಹೇಳುವುದಿಲ್ಲ. ಕಾಯಿಲೆ ಜೋರಾಗಿ ಮೈ ಸೋತವರಲ್ಲಿ ಕೆಲವು ಸಲ ಆ ಕಣಗಳಿಗೇ ಉತ್ತರ ಕೊಡುವ ಶಕ್ತಿ ಇರುವುದಿಲ್ಲ. ನಿಮ್ಮದು ಹಾಗಾಗಿರಬಹುದು ಎಂದರು. ನಿಮ್ಮತ್ತೆ ಎಂದೋ ಗಂಡನ ಆರೈಕೆ ಮಾಡುವಾಗ ಕ್ರಿಮಿಯನ್ನು ಎದುರಿಸಿ ಗೆದ್ದವರು ಇರಬೇಕು. ಕೆಮ್ಮಿಲ್ಲ, ಜ್ವರವಿಲ್ಲ, ಎದೆ ಚೆನ್ನಾಗಿದೆ ಅಂದರೆ ಅವರು ರೋಗಿಯಲ್ಲ. ಅವರಿಂದ ಯಾರಿಗೂ ಹರಡುವುದಿಲ್ಲ. ಹರಡುವುದಿದ್ದರೆ ಈಗ ನಿಮ್ಮಿಂದ.

ಅವರು ಇದನ್ನೆಲ್ಲ ಮೆತ್ತಗೇ ಹೇಳಿದರು. ನನಗೆ ಕಪಾಳಕ್ಕೆ ಹೊಡೆದ ಹಾಗಿತ್ತು. “ಅವರನ್ನೂ ಒಂದು ಸಲ ಕರೆದುಕೊಂಡು ಬನ್ನಿ. ಮಲಗಿರೋದು ಏಳದ ಹಾಗೆ ಕೆಲವು ತಿಂಗಳು ಮಾತ್ರೆ ಬೇಕಾದರೆ ಕೊಡೋಣ. ಈಗ ಎಲ್ಲಿದ್ದಾರೆ?” ಎಂದು ಕೇಳಿದರು.

“ಕಲ್ಯಾಣದುರ್ಗಕ್ಕೆ ಹೋಗಿದ್ದಾರೆ” ಎಂದೆ. ನಾನು ಕಳಿಸಿದೆ ಎನ್ನಲಿಲ್ಲ.

ಅಂದಿನಿಂದಲೇ ಮಾತ್ರೆ ಶುರುವಾಯಿತು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತೊಳೆಸುತ್ತಿತ್ತು. ಆಶಾ ಕಾರ್ಯಕರ್ತೆಯೊಬ್ಬಳು ಮನೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದಳು. ನಾನು ಬೇಡಿಕೊಂಡದ್ದಕ್ಕೆ ತರಕಾರಿ ಚೀಲ ಹಿಡಿದು, ಸೊಪ್ಪು ಕೊಡಲು ಬಂದವಳ ಹಾಗೆ ಹಿತ್ತಲ ಬಾಗಿಲಿಗೆ ಬರುವಳು. ಒಂದು ದಿನ ನಿಜವಾಗಿಯೂ ಮೆಂತ್ಯದ ಕಟ್ಟು ತಂದಿದ್ದಳು. ಚೈತ್ರಳನ್ನೂ ಪರೀಕ್ಷಿಸಿದರು. ಕಾಯಿಲೆಯಿಲ್ಲ, ಮುನ್ನೆಚ್ಚರಿಕೆಗೆ ಮಾತ್ರೆ ಸಾಕು ಎಂದರು. ಆ ದಿನ ನಾನು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತೆ.

ನಾನು ಮಲಗಿದ್ದು ಗೋಣಿ ಇಡುವ ಕೋಣೆಯಲ್ಲಿ. ಬೇರೆ ಕೋಣೆಯಿಲ್ಲ. ಅಲ್ಲಿನ ಕಿಟಕಿ ತೆರೆಯಲು ಬರುವುದಿಲ್ಲ ಎಂಬುದು, ಬಾಗಿಲು ಹಾಕಿಕೊಂಡರೆ ಅಡುಗೆಮನೆಯ ಮಾತು ಮಾತ್ರ ಕೇಳಿಸಿ ಯಾರೂ ಕಾಣುವುದಿಲ್ಲ ಎಂಬುದು ಅಲ್ಲಿ ಮಲಗಿದ ಮೇಲೆ ತಿಳಿಯಿತು. ಅತ್ತಮ್ಮ ಒಂದು ತಿಂಗಳು ಅಲ್ಲಿದ್ದರು. ನಮ್ಮವರು ಕಿಟಕಿಯ ಮೊಳೆ ಕೀಳಿಸಿ ಸರಿಮಾಡಿಸಿದರು, ಗಾಳಿ ಆಡಬೇಕು ಎಂದು ಡಾಕ್ಟರು ಹೇಳಿದ್ದರಲ್ಲ.

ಈಗ, ನಾನು ಬಾಯಿ ಮುಚ್ಚಿಕೊಂಡು ಕೂತ ಒಂಬತ್ತು ದಿನಗಳ ವಿಷಯ.

ಕಾಯಿಲೆ ನನಗೆ, ಅತ್ತಮ್ಮನಿಗಲ್ಲ ಎಂದು ನಮಗೆ ಗೊತ್ತಾಗಿದ್ದು ಒಂದು ಮಂಗಳವಾರ. ಅಂದೇ ಫೋನ್ ಮಾಡಿ, ಅತ್ತಮ್ಮ, ನಿಮಗೆ ಏನೂ ಇಲ್ಲ, ತಪ್ಪಾಯಿತು ಎನ್ನಬಹುದಿತ್ತು. ಎರಡು ನಿಮಿಷದ ಮಾತು. ನಮ್ಮವರು ಫೋನು ಕೈಗೆತ್ತಿಕೊಂಡಾಗ ತಡೆದವಳು ನಾನು. “ಫೋನಾಗೆ ಹೇಳೋ ಮಾತಾ ಇದು? ಈ ಭಾನುವಾರ ಬ್ಯಾಡ, ಮುಂದಿನ ಭಾನುವಾರ ಹೋಗಿ ಕರ್ಕಂಡೇ ಬಂದ್ಬುಡಾನ. ಎದುರಿಗೇ ಕೂತು ಹೇಳಾನ” ಎಂದೆ. ಕೇಳಲು ಎಷ್ಟು ಮರ್ಯಾದೆಯ ಮಾತು! ಒಳಗಿದ್ದದ್ದು ಬೇರೆ. ರತ್ನಕ್ಕನ ಬಾಯಿಗೆ ನನಗೆ ಹೆದರಿಕೆ. ಇಷ್ಟು ದಿನ ಅವರಿಗೆ ಮಾಡಿದ್ದನ್ನೆಲ್ಲ ಈಗ ನನಗೆ ಮಾಡುತ್ತಾರೆ, ವನಜ ಎಂದು ಕೊರೆಸಿದ ಲೋಟ ಹುಡುಕಿ ತೆಗೆಯುತ್ತಾರೆ ಎಂಬ ಹೆದರಿಕೆ. ಮಾತ್ರೆ ಎರಡು ವಾರ ಮೈಗೆ ಹತ್ತಲಿ, ಕೆಮ್ಮು ಸ್ವಲ್ಪ ಇಳಿಯಲಿ, ಆಮೇಲೆ ಹೇಳಿದರೆ ಅಷ್ಟು ಕೆಟ್ಟದಾಗಿ ಕೇಳಿಸುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ನಡುವೆ ಒಂದು ದಿನ ಅತ್ತಮ್ಮನೇ ರತ್ನಕ್ಕನ ಫೋನಿನಿಂದ ಮಾತಾಡಿದರು.

“ಕೆಮ್ಮು ಹೆಂಗೈತೆ ವನಜ?”

“ಕಮ್ಮಿ ಆಗೈತೆ ಅತ್ತಮ್ಮ.”

“ನೋಡ್ದಾ, ನಾನು ಬಂದಿದ್ದು ಒಳ್ಳೇದೇ ಆಯ್ತು. ನನ್ ಗಾಳಿ ಸೋಕ್ದೆ ನೀನು ಗೆಲುವಾದೆ. ಪಾಪ, ನಿಂಗೆ ನನ್ನಿಂದ ಕಷ್ಟ ಆಯ್ತಲ್ಲಮ್ಮ.”

ಕೈಯಲ್ಲಿ ಫೋನು, ಎದುರಿಗೆ ನನ್ನ ಮಾತ್ರೆಯ ಪಟ್ಟಿ. ನಾಲಿಗೆಯ ತುದಿಗೆ ಬಂತು. ಭಾನುವಾರ ಎದುರಿಗೇ ಹೇಳುತ್ತೇನಲ್ಲ ಎಂದುಕೊಂಡು, “ಭಾನುವಾರ ಬತ್ತೀವಿ ಅತ್ತಮ್ಮ” ಎಂದಷ್ಟೇ ಹೇಳಿದೆ. ಬರುವಾಗ ಚೈತ್ರಳನ್ನು ಕರೆತನ್ನಿ, ದೂರದಿಂದ ನೋಡುತ್ತೇನೆ ಎಂದರು.

ಆ ಭಾನುವಾರಕ್ಕೆ ಮೂರು ದಿನ ಮುಂಚೆ, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ರತ್ನಕ್ಕನ ಫೋನು ಬಂತು. ಅತ್ತಮ್ಮ ಬಿಸಿಲಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಟೋ ತರುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರಂತೆ.

ಕೂಡಲೇ ಕಾರಿನಲ್ಲಿ ಹೊರಟೆವು. ಪೆನುಕೊಂಡ ದಾಟಿದ ಮೇಲೆ ಕಾರು ತಯಾರಿಸುವ ಕಾರ್ಖಾನೆಯ ಬಯಲಲ್ಲಿ ಹೊಸ ಕಾರುಗಳು ಸಾಲು ಸಾಲಾಗಿ ನಿಂತಿದ್ದವು. ಚೈತ್ರ ಅವನ್ನು ನೋಡುತ್ತ ನೋಡುತ್ತ, “ಅಜ್ಜಿಗೆ ಹೇಳಿದ್ರಾ?” ಎಂದಳು. ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಇಲ್ಲ ಎಂದು ನಾನೇ ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ, ಕಲ್ಯಾಣದುರ್ಗದವರೆಗೂ ತಿರುಗಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಅತ್ತಮ್ಮನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಬಂದವರು ಅಂಗಳದಲ್ಲೇ ನಿಂತು ಕೈ ಮುಗಿದು ಸರಿಯುತ್ತಿದ್ದರು. ಹತ್ತಿರ ಹೋಗಿ ಪಾದ ಮುಟ್ಟಿದವರು ಕಡಿಮೆ. ಇಬ್ಬರು ಹೆಂಗಸರು ಮೂಗಿಗೆ ಸೆರಗು ಹಿಡಿದಿದ್ದರು. ಟಿಬಿಯಂತೆ, ರಕ್ತದಲ್ಲಿತ್ತಂತೆ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಪಿಸುಮಾತು ಕೇಳಿಸುತ್ತಿತ್ತು. ಅಂಗಳದ ಮೂಲೆಯಲ್ಲಿ ನಾನು ಮಾಸ್ಕು ಹಾಕಿಕೊಂಡು ನಿಂತಿದ್ದೆ. ಡಾಕ್ಟರು ಹಾಕಿಕೊಳ್ಳಲೇಬೇಕು ಎಂದಿದ್ದರು, ನನ್ನಿಂದ ಬೇರೆಯವರಿಗೆ ಹರಡದಿರಲಿ ಎಂದು. ಜನಕ್ಕೆ ಕಂಡದ್ದು ಬೇರೆ. ಒಬ್ಬ ಮುದುಕಿ ನನಗೆ ಕೇಳಿಸುವ ಹಾಗೇ ಹೇಳಿದಳು. “ನೋಡಮ್ಮ ಸೊಸೇನ. ಸತ್ತೋಳ್ಗೂ ಹೆದ್ರಿ ಮೂತಿ ಕಟ್ಕಂಡು ಬಂದ್ಬುಟ್ಟವ್ಳೆ.”

ಆಗಲಾದರೂ ಹೇಳಬಹುದಿತ್ತು. ಬನ್ನಿ, ಅವರನ್ನು ಮುಟ್ಟಿ, ಅವರ ಮೈಯಲ್ಲಿ ಏನೂ ಇಲ್ಲ, ದೂರ ನಿಲ್ಲುವುದಿದ್ದರೆ ನನ್ನಿಂದ ನಿಲ್ಲಿ ಎಂದು ಕೂಗಬಹುದಿತ್ತು. ನಮ್ಮವರು ಒಬ್ಬರೇ ಹೋಗಿ ತಾಯಿಯ ಪಕ್ಕ ಕೂತು, ಅವರ ಭುಜಕ್ಕೆ ತಲೆಯಿಟ್ಟು ಅತ್ತರು. ಮಣ್ಣಿಗೆ ಒಯ್ಯುವವರೆಗೂ ನಾನು ಮೂಲೆ ಬಿಟ್ಟು ಕದಲಲಿಲ್ಲ.

ಹನ್ನೊಂದನೆಯ ದಿನ ರತ್ನಕ್ಕನ ಮನೆಯಲ್ಲೇ ಶಿವಗಣಾರಾಧನೆ. ಅಷ್ಟು ಹೊತ್ತಿಗೆ ಮಾತ್ರೆ ಶುರುವಾಗಿ ಮೂರು ವಾರ ಹತ್ತಿರವಾಗಿತ್ತು, ಕೆಮ್ಮು ನಿಂತಿತ್ತು. ಊಟ ಮುಗಿಸಿ ನೆಂಟರೆಲ್ಲ ಅಂಗಳದಲ್ಲಿ ಕೂತಿದ್ದಾಗ ಎದ್ದು ನಿಂತೆ. ಕಾಯಿಲೆ ನನಗಿತ್ತು, ಅತ್ತಮ್ಮನಿಗೆ ಯಾವ ಕಾಯಿಲೆಯೂ ಇರಲಿಲ್ಲ, ರಿಪೋರ್ಟನ್ನು ತಪ್ಪಾಗಿ ಓದಿ ಹೇಳಿದವಳು ನಾನು, ಗೊತ್ತಾದ ಮೇಲೂ ಒಂಬತ್ತು ದಿನ ಮುಚ್ಚಿಟ್ಟವಳು ನಾನು ಎಂದೆ. ಕನ್ನಡದಲ್ಲಿ ಹೇಳಿ, ತೆಲುಗಿನಲ್ಲೂ ಹೇಳಿದೆ, ಯಾರಿಗೂ ಅರ್ಥವಾಗದೆ ಉಳಿಯಬಾರದು ಎಂದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರತ್ನಕ್ಕ ನನ್ನನ್ನು ಒಂದು ಗಳಿಗೆ ನೋಡಿ, ಎಲೆಗಳನ್ನು ಬಾಚಿಕೊಂಡು ಒಳಗೆ ಹೋದಳು. ಆಮೇಲೆ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಲಿಲ್ಲ. ಬದುಕುವ ಆಸೆಗಿಂತ ಒಂದು ರೀತಿಯ ಹಠ ಅದು. ಆಸ್ಪತ್ರೆಯ ಬೆಂಚಿನ ಮೇಲೆ ಹೊಸಬರು ಯಾರಾದರೂ ಫೋನಿನಲ್ಲಿ ಬಂದ ರಿಪೋರ್ಟು ಹಿಡಿದು ಕೂತಿದ್ದರೆ ಪಕ್ಕಕ್ಕೆ ಹೋಗಿ ಕೂರುತ್ತಿದ್ದೆ. ಕೆಳಗಿನ ಸಣ್ಣ ಅಕ್ಷರ ಓದಿದಿರಾ, ಡಾಕ್ಟರಿಗೆ ತೋರಿಸಿದಿರಾ, ಮನೆಯಲ್ಲಿ ಯಾರ ಲೋಟವನ್ನೂ ಬೇರೆ ಇಟ್ಟಿಲ್ಲ ತಾನೆ ಎಂದು ಕೇಳುತ್ತಿದ್ದೆ. ಇದನ್ನು ಓದುತ್ತಿರುವ ನಿಮ್ಮನ್ನೂ ಕೇಳುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ಕೊನೆಯ ಕಫ ಪರೀಕ್ಷೆಯಾಯಿತು. ವಾಸಿಯಾಗಿದೆ ಎಂದು ಡಾಕ್ಟರು ನಗುತ್ತ ಕೈಕುಲುಕಿದರು. ನನಗೆ ಅದನ್ನು ಹೇಳಬೇಕೆನ್ನಿಸಿದ್ದು ಒಬ್ಬರಿಗೇ, ಅವರು ಇರಲಿಲ್ಲ. ಅವರ ಬದಲಿಗೆ ರತ್ನಕ್ಕನ ಮನೆಗೆ ಹೋದೆ. ಒಬ್ಬಳೇ, ಬಸ್ಸಿನಲ್ಲಿ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ.

ರತ್ನಕ್ಕ ಬಾಗಿಲು ತೆರೆದು, ಒಳಗೆ ಬಾ ಎನ್ನದೆ, ಹೋಗು ಎನ್ನದೆ ಸರಿದು ನಿಂತಳು. ವಾಸಿಯಾಗಿದೆ ಎಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಾಗದ ಕೊಟ್ಟೆ. ಅವಳಿಗೆ ಇಂಗ್ಲಿಷು ಬಾರದು, ಮಡಚಿ ವಾಪಸು ಕೊಟ್ಟಳು. ಚಾಪೆಯ ಮೇಲೆ ಅವಳ ಮಗಳ ಕೂಸು ಕೂತಿತ್ತು. ಎಂಟು ತಿಂಗಳ ಹೆಣ್ಣುಮಗು, ಆಗ ತಾನೇ ಎರೆದು ಸಾಂಬ್ರಾಣಿ ಹೊಗೆ ಹಿಡಿದಿದ್ದರು.

“ವಾಸಿ ಆಯ್ತಾ ನಿಂಗೆ? ಪೂರಾ?” ಎಂದಳು.

“ಆಯ್ತಕ್ಕ.”

“ಯಾರ್ಗೂ ಅಂಟಲ್ವಾ?”

“ಇಲ್ಲಕ್ಕ.”

ರತ್ನಕ್ಕ ಮಗುವನ್ನು ಎತ್ತಿ ತಂದು ನನ್ನ ಮುಂದೆ ಹಿಡಿದಳು.

“ಹಂಗಾದ್ರೆ ಎತ್ಕೋ. ನಮ್ಮವ್ವ ಇವ್ಳನ್ನ ಒಂದಿನಾನೂ ಎತ್ಕಳ್ಳಿಲ್ಲ ವನಜ. ನಾನೇ ಎತ್ಕೋ ಅಂತ ಕೊಟ್ರೂ ಹಿಂದುಕ್ಕೆ ಸರಿಯೋಳು. ಕಂಬ್ದತ್ರ ನಿಂತ್ಕಂಡು ಸೆರಗು ಬಾಯ್ಗೆ ಇಟ್ಕಂಡು ನೋಡೋಳು. ವನಜಂಗೆ ಆಗಿದ್ದು ಸಾಕು, ಈ ಕೂಸ್ಗೆ ಬ್ಯಾಡ ಅನ್ನೋಳು.”

ಮಗು ಎರಡೂ ಕೈ ಚಾಚಿತು. ನಾನು ಎತ್ತಿಕೊಂಡೆ.